ನಾಲ್ಕು ಗಂಟೆ ದಾಟಿದ್ರೆ ಆಸ್ಪತ್ರೆಗೆ ಓಡಿ



ಸಭೆಗಳಲ್ಲಿ ನಾವು ಎಲ್ಲಾ ಮಾತಾಡ್ತೀವಿ. ಸ್ಮಶಾನದ ಜಾಗ, ಬಗರ್‌ಹುಕುಂ ಅರ್ಜಿ, ಹಾಸ್ಟೆಲ್ ಊಟ. ಸಭೆ ಮುಗಿದು ಟೀ ಅಂಗಡಿ ಹತ್ರ ನಿಂತಾಗ ಮಾತ್ರ ಯಾರಾದ್ರೂ ಒಬ್ಬರು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳ್ತಾರೆ: "ಅಣ್ಣ, ಶುಗರ್ ಬಂದ್ಮೇಲೆ ಅದು ಸರಿಯಾಗಿ ಆಗ್ತಿಲ್ಲ. ಏನೋ ಇಂಜೆಕ್ಷನ್ ಇದೆಯಂತಲ್ಲ?"

ಇದೆ. ನಾನು ತಗೊಂಡಿದೀನಿ. ಅದರ ಅಡ್ಡಪರಿಣಾಮಗಳ ಬಗ್ಗೆ ಈ ಪೋಸ್ಟ್. ಹೆಣ್ಣುಮಕ್ಕಳೂ ಓದಿ, ನಡುರಾತ್ರಿ ಆಟೋ ಹುಡುಕೋರು ನೀವೇ.

ನನಗೆ ಶುಗರ್ ಬಂದು 11 ವರ್ಷ. ಅದು ನರವನ್ನೂ ಕೆಡಿಸುತ್ತೆ, ರಕ್ತನಾಳವನ್ನೂ ಕೆಡಿಸುತ್ತೆ. ಶಿಶ್ನಕ್ಕೆ ರಕ್ತ ಸರಿಯಾಗಿ ನುಗ್ಗದಿದ್ದರೆ ನಿಮಿರಲ್ಲ, ಅಷ್ಟೇ. ಮೊದಲು ಮಾತ್ರೆ ಕೊಟ್ಟರು, ಕೆಲಸ ಮಾಡಲಿಲ್ಲ. (ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳೋರು ಆ ಮಾತ್ರೆಯನ್ನ ಮುಟ್ಟಲೇಬಾರದು, ಬಿಪಿ ಪಾತಾಳಕ್ಕಿಳಿಯುತ್ತೆ.) ಮಾತ್ರೆ ಆಗದವರಿಗೆ ಇಂಜೆಕ್ಷನ್. ಅಲ್ಪ್ರೋಸ್ಟಡಿಲ್, ಪಾಪಾವೆರಿನ್, ಫೆಂಟೋಲಮೈನ್ ಅಂತ ಔಷಧಿಗಳು. ಒಂದೊಂದೇ ಇಲ್ಲವೇ ಬೆರೆಸಿ, ಸಣ್ಣ ಸೂಜಿಯಲ್ಲಿ ನೇರ ಶಿಶ್ನದ ಪಕ್ಕಕ್ಕೆ ಚುಚ್ಚಬೇಕು. ಹೊಸದೇನಲ್ಲ. ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಅನ್ನೋ ವಿಜ್ಞಾನಿ 1983ರಲ್ಲಿ ಲಾಸ್ ವೇಗಾಸ್‌ನ ವೈದ್ಯರ ಸಭೆಗೆ ತಾನೇ ಚುಚ್ಚಿಕೊಂಡು ಬಂದು, ಎಲ್ಲರೆದುರು ಪ್ಯಾಂಟ್ ಇಳಿಸಿ ಫಲಿತಾಂಶ ತೋರಿಸಿದ್ದ. ನಮಗೆ ಟೀ ಅಂಗಡಿಯಲ್ಲಿ ಬಾಯಿ ಬಿಡೋಕಾಗಲ್ಲ.

ಔಷಧಿ ಕೆಟ್ಟದ್ದಲ್ಲ, ಬಹಳ ಜನಕ್ಕೆ ಕೆಲಸ ಮಾಡುತ್ತೆ. ಆದರೆ ಮೊದಲ ಡೋಸನ್ನ ಕ್ಲಿನಿಕ್ಕಲ್ಲೇ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ನಿಮಿರಿದ್ದು ಇಳಿಯೋವರೆಗೂ ಕೂರಿಸಿ ನೋಡಬೇಕು. ನಾನು ಹೋಗಿದ್ದ ಖಾಸಗಿ ಕ್ಲಿನಿಕ್ಕಲ್ಲಿ ಚುಚ್ಚಿದ ಐದೇ ನಿಮಿಷಕ್ಕೆ ಎಬ್ಬಿಸಿ ಕಳಿಸಿದರು. ಕೈಗೆ ಲೇಬಲ್ ಇಲ್ಲದ ಒಂದು ಬಾಟ್ಲಿ, ಸಿರಿಂಜುಗಳು. ನಾನು ಗುಮಾಸ್ತ, ಆಫೀಸಿಗೆ ಎರಡು ಡಜನ್ ಪೆನ್ನು ತರಿಸೋಕೂ ಮೂರು ಸಹಿ ಹಾಕಿಸ್ತೀನಿ. ನನ್ನ ಮೈಗೆ ಹೋದ ಔಷಧಿಗೆ ಒಂದು ಚೀಟಿ ಕೂಡ ಇರಲಿಲ್ಲ.

ಮನೆಯಲ್ಲಿ ಎರಡನೇ ಸಲ ತಗೊಂಡಾಗ ಇಳಿಯಲೇ ಇಲ್ಲ. ಎರಡು ಗಂಟೆ, ಮೂರು ಗಂಟೆ. ಕಲ್ಲಿನಂಗಾಯ್ತು, ನೋವು ಹೊಟ್ಟೆವರೆಗೂ ಬಂತು. ನನ್ನ ಹೆಂಡತಿ ಆಟೋ ತಂದಳು. ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರ್‌ನಲ್ಲಿ "ಏನು ತೊಂದ್ರೆ?" ಅಂತ ಜೋರಾಗಿ ಕೇಳಿದ್ರು. ನಾನು ಬೆವರುತ್ತಾ ನಿಂತಿದ್ದೆ. ಅವಳೇ ಹೇಳಿದ್ಲು, ಅಷ್ಟೇ ಜೋರಾಗಿ. ಹಿಂದೆ ಯಾರೋ ನಕ್ಕರು. ಒಳಗಿದ್ದ ಚಿಕ್ಕ ವಯಸ್ಸಿನ ಡಾಕ್ಟರು ನಗಲಿಲ್ಲ. ದಪ್ಪ ಸೂಜಿಯಲ್ಲಿ ಕಟ್ಟಿ ನಿಂತಿದ್ದ ಕಪ್ಪು ರಕ್ತ ತೆಗೆದರು, ಬಿಪಿ ನೋಡ್ತಾ ನೋಡ್ತಾ ಫಿನೈಲೆಫ್ರಿನ್ ಅನ್ನೋ ಔಷಧಿ ಕೊಟ್ಟರು. ಬೆಳಗಿನ ಜಾವಕ್ಕೆ ಇಳೀತು. ನಾಲ್ಕು ಗಂಟೆ ದಾಟಿದ್ರೆ ತುರ್ತು ಚಿಕಿತ್ಸೆ ಬೇಕೇ ಬೇಕು, ತಡವಾದಷ್ಟೂ ಒಳಗಿನ ಅಂಗಾಂಶ ಸಾಯುತ್ತೆ, ಆಮೇಲೆ ಯಾವತ್ತೂ ನಿಮಿರದೇ ಹೋಗಬಹುದು ಅಂತ ಅವರು ಹೇಳಿದ್ದು. ಕ್ಲಿನಿಕ್ಕಿನವರು ಹೇಳಬೇಕಿದ್ದ ಮಾತು.

ಉಳಿದದ್ದು ಚಿಕ್ಕದು, ಆದ್ರೂ ತಿಳ್ಕೊಳ್ಳಿ. ಅಲ್ಪ್ರೋಸ್ಟಡಿಲ್‌ನಿಂದ ಉರಿ, ನೋವು ಆಗೋದು ಮಾಮೂಲು. ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಿ ನೀಲಿಯಾಗಬಹುದು. ಐದು ನಿಮಿಷ ಒತ್ತಿ ಹಿಡೀಬೇಕು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮೊದಲೇ ಹೇಳಬೇಕು. ಕೆಲವರಿಗೆ ತಲೆ ಸುತ್ತುತ್ತೆ. ಒಂದೇ ಕಡೆ ಚುಚ್ಚುತ್ತಿದ್ದರೆ ಒಳಗೆ ಗಂಟು ಕಟ್ಟಿ ಶಿಶ್ನ ಡೊಂಕಾಗುತ್ತೆ, ಅದಕ್ಕೇ ಎಡಕ್ಕೊಮ್ಮೆ ಬಲಕ್ಕೊಮ್ಮೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ, ವಾರಕ್ಕೆ ಮೂರು ದಾಟಬಾರದು. ಡೋಸ್ ಎಷ್ಟು ಅಂತ ನನ್ನ ಕೇಳಬೇಡಿ, ಅದು ಡಾಕ್ಟರ ಕೆಲಸ.

ಇನ್ನೊಂದು ವಿಷಯ ನಮ್ಮ ಜನಕ್ಕೇ ಸೇರಿದ್ದು. ಕುಡುಗೋಲು ರಕ್ತಹೀನತೆ, ಅಂದ್ರೆ ಸಿಕಲ್ ಸೆಲ್ ಇರೋರಿಗೆ ಈ ಇಂಜೆಕ್ಷನ್ ಕೊಡಬಾರದು. ಅವರ ರಕ್ತಕಣ ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಔಷಧಿಯಿಲ್ಲದೆಯೂ ಈ ಇಳಿಯದ ನೋವು ಅವರಿಗೆ ಬರುತ್ತೆ. ಭಾರತದಲ್ಲಿ ಈ ಕಾಯಿಲೆಯನ್ನ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲಿದೆ, ವಿದರ್ಭದ ದಲಿತರಲ್ಲೂ ಇದೆ. 2023ರಲ್ಲಿ ಶುರುವಾದ ಕೇಂದ್ರದ ಸಿಕಲ್ ಸೆಲ್ ಯೋಜನೆ 7 ಕೋಟಿ ಜನರ ತಪಾಸಣೆ ಅನ್ನುತ್ತೆ, 40 ವರ್ಷದವರೆಗೆ ಮಾತ್ರ. ಈ ಇಂಜೆಕ್ಷನ್ ಕೇಳಿಕೊಂಡು ಬರೋರಲ್ಲಿ ಹೆಚ್ಚಿನವರು 40 ದಾಟಿದವರೇ. ಆ ಕ್ಲಿನಿಕ್ಕಲ್ಲಿ ನನ್ನ ರಕ್ತದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಹಾಡಿಗಳಲ್ಲಿ ಕೆಲಸ ಮಾಡೋ ಸಂಗಾತಿಗಳು ಇದನ್ನ ಅಲ್ಲಿನ ಗಂಡಸರಿಗೆ ತಲುಪಿಸಿ, ದಯವಿಟ್ಟು.

ಕಾಮೆಂಟಲ್ಲಿ ಕೇಳೋಕೆ ಮುಜುಗರ ಆದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಆಫೀಸ್ ಬಿಟ್ಟ ಮೇಲೆ, ಸಂಜೆ ಆರರ ನಂತರ ಉತ್ತರ ಕೊಡ್ತೀನಿ.