ಅಕ್ಕನ ಮನೆಯ ಸಿಂಗಪುರ

ಪರದೇಶಕ್ಕೆ ಹೋಗಿ ಬಂದವನನ್ನು ಊರಿನವರು ಕೇಳುವ ಮೊದಲ ಪ್ರಶ್ನೆ, "ಏನೇನು ನೋಡಿದಿರಿ?" ಎಂಬುದು. ಸಿಂಗಪುರದಲ್ಲಿ ಹದಿನೈದು ದಿನ ಇದ್ದು ಬಂದ ನಾನು ಈ ಪ್ರಶ್ನೆಗೆ ಉತ್ತರ ಹೇಳಲಾರೆ. ಬಾಯಿಂದ ನೀರು ಚಿಮ್ಮಿಸುವ ಅಲ್ಲಿಯ ಸಿಂಹದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲಿಲ್ಲ. ಮೂರು ಗೋಪುರಗಳ ನೆತ್ತಿಯ ಮೇಲೆ ದೋಣಿಯನ್ನಿಟ್ಟಂತೆ ಕಾಣುವ ಹೋಟೆಲನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆಷ್ಟೋ ಅಷ್ಟೆ. "ಹಾಗಾದರೆ ಅಷ್ಟು ದೂರ ಹೋದದ್ದಾದರೂ ಏತಕ್ಕೆ, ಸ್ವಾಮಿ?" ಎಂದರು ನಮ್ಮ ಇತಿಹಾಸದ ಅಧ್ಯಾಪಕರು. ಅಕ್ಕನ ಮನೆಗೆ ಎಂದೆ. ಅವರಿಗೆ ಸಮಾಧಾನವಾದಂತೆ ತೋರಲಿಲ್ಲ.

ಯಾತ್ರಿಕನಿಗೂ ನೆಂಟನಿಗೂ ವ್ಯತ್ಯಾಸವುಂಟು. ಯಾತ್ರಿಕ ಊರನ್ನು ಮುಂಬಾಗಿಲಿನಿಂದ ನೋಡುತ್ತಾನೆ. ನೆಂಟನಿಗೆ ಅದು ಕಾಣುವುದು ಅಡಿಗೆಮನೆಯ ಕಿಟಕಿಯಿಂದ. ಯಾತ್ರಿಕನಿಗೆ ಸಮಯ ಸಾಲದು. ನೆಂಟನಿಗೆ ಹತ್ತು ಗಂಟೆಯ ಮೇಲೆ ಮಾಡಲು ಕೆಲಸವೇ ಇಲ್ಲ. ಕೆಲಸವಿಲ್ಲದವನ ಕಣ್ಣಿಗೆ ಬೀಳುವ ಸಂಗತಿಗಳೇ ಬೇರೆ.

ಸಿಂಗಪುರ ಭೂಮಧ್ಯರೇಖೆಗೆ ತೀರ ಹತ್ತಿರದ ಊರು. ವರ್ಷವಿಡೀ ಸೂರ್ಯ ಬೆಳಗ್ಗೆ ಏಳರ ಆಸುಪಾಸಿನಲ್ಲಿ ಹುಟ್ಟಿ ಸಂಜೆ ಏಳರ ಆಸುಪಾಸಿನಲ್ಲಿ ಮುಳುಗುತ್ತಾನೆ. ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಆದ್ದರಿಂದ ಆರೂವರೆಗೆ ಶಾಲೆಗೆ ಹೊರಡುವ ಮಕ್ಕಳು ಕತ್ತಲಲ್ಲೇ ಹೊರಡುತ್ತವೆ. ಹನ್ನೊಂದು ವರ್ಷದ ನನ್ನ ಸೋದರ ಸೊಸೆಯ ಬೆನ್ನಿಗೆ ಚೀಲ ಏರಿಸಿ, ಲಿಫ್ಟಿನಲ್ಲಿ ಇಳಿಸಿ, ಬಸ್ಸು ಹತ್ತಿಸಿ ಬರುವುದು ನನ್ನ ಪಾಲಿನ ಕೆಲಸವಾಯಿತು. ಬೀದಿದೀಪದ ಕೆಳಗೆ ಚೀನೀ ಮಕ್ಕಳು, ಮಲಯ್ ಮಕ್ಕಳು, ನಮ್ಮ ಹುಡುಗಿ, ಎಲ್ಲರೂ ಒಂದೇ ಬಗೆಯಾಗಿ ಆಕಳಿಸುತ್ತ ನಿಂತಿರುತ್ತಿದ್ದರು. ಆಕಳಿಕೆಗೆ ಭಾಷೆಯಿಲ್ಲ.

ಅಕ್ಕನ ಮನೆ ಹನ್ನೆರಡನೆಯ ಅಂತಸ್ತಿನಲ್ಲಿ, ಸರ್ಕಾರದ ವಸತಿ ಮಂಡಳಿ ಕಟ್ಟಿಸಿದ ಕಟ್ಟಡದಲ್ಲಿ. ಈ ಮಂಡಳಿ 1960ರಲ್ಲಿ ಹುಟ್ಟಿತು. ಇಂದು ಆ ದೇಶದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಅದು ಕಟ್ಟಿಸಿದ ಮನೆಗಳಲ್ಲಿದ್ದಾರೆ. ಒಂದು ಕಟ್ಟಡದಲ್ಲಿ ಒಂದೇ ಜನಾಂಗದವರು ಇಂತಿಷ್ಟು ಪಾಲಿಗೆ ಮೀರಿ ಸೇರಬಾರದೆಂಬ ನಿಯಮವನ್ನು 1989ರಲ್ಲಿ ತಂದರು. ಹೀಗಾಗಿ ಅಕ್ಕನ ಎಡಮನೆಯವರು ಚೀನೀಯರು, ಬಲಮನೆಯವರು ಮಲಯ್ ಜನ. ಕಟ್ಟಡದ ನೆಲ ಅಂತಸ್ತಿನಲ್ಲಿ ಮನೆಗಳಿಲ್ಲ. ಕಂಬಗಳು, ಕಲ್ಲುಬೆಂಚುಗಳು, ಗಾಳಿ, ನೆರಳು, ಇಷ್ಟೆ. ಇಂಥಲ್ಲಿ ಒಂದು ದಿನ ಮಲಯ್ ಮದುವೆಯ ಚಪ್ಪರ ಏಳುತ್ತದೆ. ಮತ್ತೊಂದು ದಿನ ಚೀನೀ ಮುದುಕರೊಬ್ಬರ ಅಂತ್ಯಕ್ರಿಯೆಗೆ ಜನ ಸೇರುತ್ತಾರೆ. ಮಿಕ್ಕ ದಿನ ವೃದ್ಧರು ಕೂತು ಹರಟುತ್ತಾರೆ. ನಾವು ಕೆಡವಿ ಹಾಕಿದ ಜಗಲಿಗಳೆಲ್ಲ ಇಲ್ಲಿ ಬಂದು ಸೇರಿಕೊಂಡಂತೆ ಕಂಡಿತು ನನಗೆ.

ಬಲಮನೆಯ ಮಲಯ್ ಅಜ್ಜಿ ನನ್ನನ್ನು ಕಂಡಾಗಲೆಲ್ಲ "ಸುದಾ ಮಕಾನ್?" ಎನ್ನುತ್ತಿದ್ದರು. ಹಾಗೆಂದರೆ "ಊಟ ಆಯ್ತಾ?" ಎಂದು. ಕನ್ನಡಿಗನಿಗೆ ಇದಕ್ಕಿಂತ ಬೇರೆ ಸ್ವಾಗತ ಬೇಕೆ? ಮಲಯ್ ಭಾಷೆಯನ್ನು ಕೆದಕಿದಂತೆಲ್ಲ ಹಳೆಯ ನೆಂಟರು ಎದ್ದುಬಂದರು. ಭಾಷೆಗೆ ಅಲ್ಲಿ 'ಬಹಾಸ' ಎನ್ನುತ್ತಾರೆ, ತಲೆಗೆ 'ಕೆಪಾಲ', ಅಂದರೆ ನಮ್ಮ ಕಪಾಲ. ಗುರು ಗುರುವೇ. ಗಂಡನಿಗೆ 'ಸುಆಮಿ'. ನಮ್ಮ ಸ್ವಾಮಿಯೇ ಸಮುದ್ರ ದಾಟಿ ಹೀಗಾಗಿದ್ದಾನೆಂದು ವಿವರಿಸಿದಾಗ ಭಾವನವರು ಅಕ್ಕನ ಕಡೆ ಒಮ್ಮೆ ನೋಡಿ, "ನೋಡಿ, ಭಾಷೆ ಅಂದ್ರೆ ಹೀಗಿರಬೇಕು" ಎಂದರು. ಅಕ್ಕ, "ಸ್ವಾಮಿಗಳು ತಟ್ಟೆ ತೊಳೆದಿಟ್ಟು ಬರಬೇಕು" ಎಂದಳು. ಊರಿನ ಹೆಸರಂತೂ ಸಿಂಹಪುರವೆಂಬುದು ಎಲ್ಲರಿಗೂ ಗೊತ್ತು.

ಬೆಳಗಿನ ಕಾಫಿಗೆ ನಾವು ಕಟ್ಟಡದ ಪಕ್ಕದ ಹಾಕರ್ ಕೇಂದ್ರಕ್ಕೆ ಹೋಗುತ್ತಿದ್ದೆವು. ಬೀದಿಯಲ್ಲಿ ತಿಂಡಿ ಮಾರುತ್ತಿದ್ದವರಿಗೆ ನೀರು, ಚರಂಡಿ, ಸೂರು ಒದಗಿಸಿ ಒಂದು ಕಡೆ ಕೂರಿಸಿದ ಏರ್ಪಾಟು ಇದು. ಈ ಸಂಸ್ಕೃತಿ 2020ರಲ್ಲಿ ಯುನೆಸ್ಕೊದ ಪಟ್ಟಿಯನ್ನೂ ಸೇರಿತು. ಅಲ್ಲಿ ಕಾಫಿಗೆ ಹೆಸರು 'ಕೋಪಿ'. ನಮ್ಮಲ್ಲಿ ಮುಂಗೋಪಿಗಳುಂಟು, ಬರಿಯ ಕೋಪಿಯನ್ನು ಕಂಡದ್ದು ಇಲ್ಲೇ. ಸುಮ್ಮನೆ ಕೋಪಿ ಎಂದರೆ ಗಟ್ಟಿ ಸಿಹಿಹಾಲು ಬೆರೆತದ್ದು. 'ಕೋಪಿ ಓ' ಎಂದರೆ ಹಾಲಿಲ್ಲದ ಕಪ್ಪು. ಅದಕ್ಕೆ 'ಕೊಸೊಂಗ್' ಎಂದು ಸೇರಿಸಿದರೆ ಸಕ್ಕರೆಯೂ ಇಲ್ಲ. 'ಓ' ಚೀನೀ ನುಡಿಯೊಂದರ ಕಪ್ಪು, 'ಕೊಸೊಂಗ್' ಮಲಯ್ ಭಾಷೆಯ ಬರಿದು. ಒಂದು ಲೋಟ ಕಾಫಿ ಕೇಳಲು ಎರಡು ಭಾಷೆ ಬೇಕು. ಜನ ಮೊದಲು ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವೊಂದನ್ನು ಇಟ್ಟು, ಆಮೇಲೆ ತಿಂಡಿ ತರಲು ಹೋಗುತ್ತಾರೆ. ಆ ಜಾಗವನ್ನು ಮತ್ತಾರೂ ಮುಟ್ಟುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದು ಬೆಳೆದ ನನಗೆ ಇದರ ತತ್ತ್ವವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಭಾನುವಾರ ತರಕಾರಿಗೆ ಸೆರಂಗೂನ್ ರಸ್ತೆಯ ಟೆಕ್ಕಾ ಮಾರುಕಟ್ಟೆ. ಅದರ ಮಗ್ಗುಲಿನ ಬೀದಿಯ ಹೆಸರು ಬಫೆಲೊ ರೋಡ್. ಅದರ ಹತ್ತಿರದಲ್ಲೇ ಕೆರ್ಬಾವ್ ರೋಡ್. ಕೆರ್ಬಾವ್ ಎಂದರೂ ಎಮ್ಮೆಯೇ. ಹಿಂದೆ ಈ ಸುತ್ತಿನಲ್ಲಿ ಭಾರತದಿಂದ ಬಂದವರು ದನ ಎಮ್ಮೆಗಳ ವ್ಯಾಪಾರ ಮಾಡುತ್ತಿದ್ದರು. ಎಮ್ಮೆಗಳು ಹೋದವು, ಹೆಸರುಗಳು ಉಳಿದವು. ನುಗ್ಗೆಕಾಯಿ, ಹೀರೆಕಾಯಿ, ಬಾಳೆಲೆ, ಕರಿಬೇವು, ಯಾವುದಕ್ಕೂ ಕೊರತೆಯಿಲ್ಲ. ಅಕ್ಕ ಅಂಗಡಿಯವನೊಡನೆ ತಮಿಳಿನಲ್ಲಿ ಚೌಕಾಸಿ ಮಾಡಿ, ಎಡಮನೆಯ ಚೀನೀ ಹೆಂಗಸು ಸಿಕ್ಕಾಗ ವಾಕ್ಯದ ಕೊನೆಗೊಂದು 'ಲಾ' ಸೇರಿಸಿ ಇಂಗ್ಲಿಷಿನಲ್ಲಿ ಮಾತಾಡಿ, ನನ್ನ ಕಡೆ ತಿರುಗಿ "ಚೀಲ ನೆಟ್ಟಗೆ ಹಿಡ್ಕೊಳ್ಳೋ, ಟೊಮೇಟೊ ನುರಿದುಹೋಗತ್ತೆ" ಎಂದಳು.

ಸಿಂಗಪುರಕ್ಕೆ ನಾಲ್ಕು ಅಧಿಕೃತ ಭಾಷೆಗಳು: ಮಲಯ್, ಚೀನೀ, ತಮಿಳು, ಇಂಗ್ಲಿಷ್. ರೈಲು ನಿಲ್ದಾಣದ ಫಲಕಗಳಲ್ಲಿ ತಮಿಳಿನ ಅಕ್ಷರಗಳನ್ನು ಕಂಡಾಗ, ಪರಊರಿನ ಸಂತೆಯಲ್ಲಿ ದಾಯಾದಿಗಳು ಸಿಕ್ಕಂತಾಗುತ್ತಿತ್ತು. ಸಂತೋಷವೂ ಹೌದು, ಒಂದಿಷ್ಟು ಹೊಟ್ಟೆಕಿಚ್ಚೂ ಹೌದು.

ಈ ಕಿಚ್ಚು ನಿಜವಾಗಿ ತಾಗಿದ್ದು ಸೊಸೆಯ ವೇಳಾಪಟ್ಟಿಯನ್ನು ಕಂಡ ದಿನ. ಅದರಲ್ಲಿ 'ಮಾತೃಭಾಷೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. "ನಿನ್ನ ಮಾತೃಭಾಷೆ ಯಾವುದೇ?" ಎಂದು ಕೇಳಿದೆ. "ಹಿಂದಿ, ಮಾಮ" ಎಂದಿತು ಮಗು, ಕನ್ನಡದಲ್ಲೇ.

ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತ, ತಿರುಗದೆಯೇ ಹೇಳಿದಳು: "ಏನ್ ಮಾಡೋದೋ? ಕನ್ನಡ ಪಟ್ಟೀಲೇ ಇಲ್ಲ."

ಪಟ್ಟಿಯಲ್ಲಿ ಭಾರತದ ಮಕ್ಕಳಿಗೆ ತಮಿಳು ಉಂಟು. ಬೇಡವೆಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಆರನೆಯ ತರಗತಿಯ ದೊಡ್ಡ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನಗಳ ಸಾಲಿನಲ್ಲಿ ಮಾತೃಭಾಷೆಯ ಅಂಕವೂ ಸೇರುತ್ತದೆ. ಆದ್ದರಿಂದ ಒಂದನ್ನು ಆರಿಸಲೇಬೇಕು. ಕನ್ನಡ ಸಂಘವಿದೆ, ಹಬ್ಬ ಹಾಡುಗಳಿವೆ, ಅಂಕವಿಲ್ಲ. ಅಂಕವಿಲ್ಲದ ಭಾಷೆಗೆ ಆ ಊರಿನ ಮಕ್ಕಳ ದಿನಚರಿಯಲ್ಲಿ ಗಂಟೆ ಎಲ್ಲಿಂದ ಬರಬೇಕು? ನಾನು ಕನ್ನಡದ ಅಧ್ಯಾಪಕ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಆದರೆ ಹಗಲಿನಲ್ಲಿ ಕಿವಿ ಬೇರೆಯೇ ಒಂದನ್ನು ಕೇಳುತ್ತಿತ್ತು. ಮೈಸೂರಿನಲ್ಲಿರುವ ನನ್ನ ಮಗ "ಗ್ಯಾಸ್ ಆಫ್ ಮಾಡು" ಎನ್ನುತ್ತಾನೆ. ಸೌದೆಯ ಬೆಂಕಿಯನ್ನೇ ಕಾಣದ ಈ ಹುಡುಗಿ "ಒಲೆ ಆರಿಸಮ್ಮ" ಎನ್ನುತ್ತಾಳೆ. ಅವನದು 'ಡೋರ್', ಇವಳದು 'ಕದ'. ಅವನದು 'ಸಾಂಬಾರ್', ಇವಳದು 'ಹುಳಿ'. ಅಕ್ಕ ಊರು ಬಿಟ್ಟಾಗ ಕಟ್ಟಿಕೊಂಡು ಹೋದ ಗಂಟಿನೊಳಗಿನ ಕನ್ನಡ ಸುಕ್ಕಾಗದೆ ಹಾಗೇ ಇದೆ. ಇವಳ ಕನ್ನಡ ಬಾಯಲ್ಲಿ ಉಂಟು, ಕಣ್ಣಿಗಿಲ್ಲ. ಅಕ್ಷರ ಬಾರದು.

ಅಡಿಗೆಮನೆಯಲ್ಲಿ ಒಂದು ನೋಟುಬುಕ್ಕಿದೆ. ಅಕ್ಕ ಮದುವೆಯಾಗಿ ಹೊರಟಾಗ ನಮ್ಮಮ್ಮ ಬರೆದುಕೊಟ್ಟದ್ದು: ಹುಳಿಪುಡಿ, ಗೊಜ್ಜು, ಬಿಸಿಬೇಳೆಭಾತು. ಎಣ್ಣೆ ಕುಡಿದ ಹಾಳೆಗಳು. ಒಂದು ಮಧ್ಯಾಹ್ನ ಹುಡುಗಿ ಅದನ್ನು ತಂದು, "ಅಜ್ಜಿ ಇಲ್ಲಿ ಏನು ಬರ್ದಿದಾರೆ?" ಎಂದಳು. ಓದಿ ಹೇಳುವುದು ಸುಲಭವಾಗಿತ್ತು. ಹೇಳಲಿಲ್ಲ. ಕಾಗದ ತೆಗೆದು ಅ, ಆ, ಇ, ಈ ಬರೆದೆ. ಅವಳು ಮುಂದಿನದನ್ನು ತಾನೇ ಹೇಳತೊಡಗಿದಳು! ಕ, ಖ, ಗ, ಘ ಎಂದು ತಡೆಯಿಲ್ಲದೆ ಓಡಿದಳು. ಹಿಂದಿಯ ವರ್ಣಮಾಲೆ ಅವಳಿಗೆ ದಾರಿಯನ್ನು ಮೊದಲೇ ಹಾಕಿಕೊಟ್ಟಿತ್ತು. ಕನ್ನಡಕ್ಕೆ ಬೇಕಾದದ್ದು ಹೊಸ ಆಕಾರಗಳಷ್ಟೆ. ಎರಡು ರಾತ್ರಿಯಿಂದ ನಾನು ಮನಸ್ಸಿನಲ್ಲೇ ಜಗಳವಾಡುತ್ತಿದ್ದ ಹಿಂದಿ ಸದ್ದಿಲ್ಲದೆ ಬಂದು ಕೈ ಹಿಡಿದಿತ್ತು. ಹ್ರಸ್ವ ಎ, ಹ್ರಸ್ವ ಒ, ಮತ್ತು ಳ, ಇಲ್ಲಿ ಮಾತ್ರ ಎಡವಿದಳು. ಅವು ಹಿಂದಿಯಲ್ಲಿಲ್ಲ ಎಂದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ನಮ್ ಭಾಷೇಲಿ ಅಕ್ಷರ ಜಾಸ್ತಿ ಇದೆ" ಎಂದಳು. ಆ 'ನಮ್' ಎಂಬ ಮಾತಿಗೆ ನಾನು ಯಾವ ಟಿಪ್ಪಣಿಯನ್ನೂ ಸೇರಿಸಲಿಲ್ಲ.

ಐದಾರು ದಿನದ ಮೇಲೆ ಹುಳಿಪುಡಿಯ ಹಾಳೆಯಲ್ಲಿ ಬೆರಳಿಟ್ಟು, "ಪಾ... ವು" ಎಂದು ಕೂಡಿಸಿದಳು. ಮರುಕ್ಷಣ ಚೀರಿದಳು: "ಪಾವು! ಅಕ್ಕಿ ಅಳೆಯೋ ಪಾವು!" ಓಡಿಹೋಗಿ ಅಕ್ಕಿಯ ಡಬ್ಬದಿಂದ ಹಿತ್ತಾಳೆಯ ಪಾವನ್ನೇ ಎತ್ತಿ ತಂದಳು. ದಿನವೂ ಆಡುವ ಮಾತು ಕಾಗದದ ಮೇಲೆ ಸಿಕ್ಕಿಬಿದ್ದ ಸಂತೋಷವದು. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಆ ಮುಖವನ್ನು ತರಗತಿಯಲ್ಲಿ ಕಂಡದ್ದು ಅಪರೂಪ. ಅಕ್ಕ ಒಲೆಯ ಮುಂದಿನಿಂದ ಈಚೆ ಬಂದು ನೋಡಿ, ಏನೂ ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಇದು ನಿಲ್ಲುತ್ತದೆಯೆ? ಮುಂದಿನ ವರ್ಷ ಆ ದೊಡ್ಡ ಪರೀಕ್ಷೆಯುಂಟು. ಅದು ಮಕ್ಕಳ ಹೊತ್ತನ್ನೆಲ್ಲ ನುಂಗುತ್ತದೆ. ಒತ್ತಕ್ಷರಗಳು ಇನ್ನೂ ಅರ್ಧ ಉಳಿದಿವೆ. ಹದಿನೈದು ದಿನದ ನೆಂಟ ಮಾಡಬಹುದಾದದ್ದು ಇಷ್ಟು.

ಹೋದ ವಾರ ಅಕ್ಕ ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಟೆಕ್ಕಾ ಮಾರುಕಟ್ಟೆಗೆ ಹೋಗುವ ಮೊದಲು ಮಗಳು ಬರೆದ ಪಟ್ಟಿ: ನುಗೆಕಾಯಿ, ಹಿರೆಕಾಯಿ, ಬಾಳೆಲೆ. ಒತ್ತು ಬಿಟ್ಟಿದೆ, ದೀರ್ಘ ತಪ್ಪಿದೆ. 'ಳ' ಮಾತ್ರ ದುಂಡಗೆ, ಸರಿಯಾಗಿ ಬಿದ್ದಿದೆ. ನಾನು ತಿದ್ದಲು ಹೋಗಲಿಲ್ಲ. ಹೀರೆಕಾಯಿ ಎಳೆಯದು ಸಿಕ್ಕಿತೇ ಎಂದು ಕನ್ನಡದಲ್ಲಿ ಬರೆದು ಕೇಳಿದೆ.