ಸೂಟ್‌ಕೇಸಿಗೆ ಹಾಕುವ ಮುನ್ನ ಪಾತ್ರೆ ತಿರುಗಿಸಿ ನೋಡಿ

ಅಮೆರಿಕಕ್ಕೆ ಹೊರಟವರ ಸಂಸಾರವೆಲ್ಲ ಸಾಮಾನ್ಯವಾಗಿ ಎರಡು ಸೂಟ್‌ಕೇಸಿನಲ್ಲಿ ಹಿಡಿಸಬೇಕು, ಒಂದೊಂದಕ್ಕೆ 23 ಕೆಜಿ. ಸರ್ಟಿಫಿಕೇಟು, ಸ್ವೆಟರು, ನಾಲ್ಕು ಜೊತೆ ಬಟ್ಟೆ ಹಾಕಿದ ಮೇಲೆ ಉಳಿದ ಜಾಗ ಯಾರದು ಅನ್ನೋದೇ ಮನೆಯಲ್ಲಿ ದೊಡ್ಡ ಚರ್ಚೆ. ನಮ್ಮಲ್ಲಂತೂ ಅದು ಮೂರು ತಾಲ್ಲೂಕಿನ ಪಂಚಾಯ್ತಿ. ನನ್ನ ತವರು ಮುಳಬಾಗಿಲು, ಗಂಡನ ಮನೆ ಶ್ರೀನಿವಾಸಪುರ, ನಾದಿನಿಯನ್ನು ಕೊಟ್ಟಿರೋದು ಮಾಲೂರಿಗೆ. ಅಮ್ಮನಿಗೆ ಪಾತ್ರೆ ಹೋಗಬೇಕು. ಅತ್ತೆಯವರಿಗೆ ರಾಗಿಹಿಟ್ಟು, ಹುಣಸೆಹಣ್ಣು, ಮಾವಿನಕಾಯಿ ಉಪ್ಪಿನಕಾಯಿ ಹೋಗಬೇಕು. ನಾದಿನಿಗೆ ಮಿಕ್ಸಿ ಹೋಗಬೇಕು. ಏನಾದರೂ ಬಿಟ್ಟುಹೋದರೆ ತರೋಕೆ ಕೋಲಾರದ ಪೇಟೆ ಇದ್ದೇ ಇದೆ.

ನಾವು ಸಿಯಾಟಲ್ ಪಕ್ಕದ ಊರಿಗೆ ಬಂದು ಏಳು ವರ್ಷವಾಯಿತು. ಊರಿಗೆ ಹೋದಾಗಲೆಲ್ಲ ಯಾವುದನ್ನು ಹೊತ್ತು ತರಬೇಕು, ಯಾವುದನ್ನು ಇಲ್ಲೇ ಕೊಳ್ಳಬೇಕು ಅನ್ನೋದು ಈಗ ಸ್ವಲ್ಪ ಗೊತ್ತಾಗಿದೆ. ಅದರಲ್ಲಿ ಮಿಕ್ಸಿಯ ವಿಷಯ ಸುಲಭ. ಪಾತ್ರೆಯ ವಿಷಯ ಅಷ್ಟು ಸುಲಭವಾಗಿರಲಿಲ್ಲ.

ಮೊದಲು ಸುಲಭದ್ದು ಹೇಳಿಬಿಡ್ತೀನಿ.

ನಮ್ಮೂರಿನ ಮನೆಗಳಿಗೆ ಬರೋದು 230 ವೋಲ್ಟ್, 50 ಹರ್ಟ್ಜ್ ಕರೆಂಟು. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಅಂಗಡಿಯಲ್ಲಿ ಸಿಗುವ ಅಡಾಪ್ಟರು ಪಿನ್ನಿನ ಆಕಾರ ಮಾತ್ರ ಬದಲಾಯಿಸುತ್ತೆ, ವೋಲ್ಟೇಜನ್ನಲ್ಲ. ಫೋನು, ಲ್ಯಾಪ್‌ಟಾಪಿನ ಚಾರ್ಜರ್ ಮೇಲೆ 100–240 ಅಂತ ಬರೆದಿರೋದರಿಂದ ಅವು ಎರಡೂ ಕಡೆ ನಡೆಯುತ್ತವೆ. ಊರಿನ 750 ವ್ಯಾಟ್ ಮಿಕ್ಸಿಗೆ ಆ ಭಾಗ್ಯ ಇಲ್ಲ. ಅದಕ್ಕೆಂದು ಟ್ರಾನ್ಸ್‌ಫಾರ್ಮರ್ ಕೊಂಡರೆ ಅದೇ ಮಿಕ್ಸಿಗಿಂತ ಭಾರ. ವೆಟ್ ಗ್ರೈಂಡರ್ ಕಥೆ ಇನ್ನೂ ಬೇರೆ. ಅದರ ಮೋಟಾರಿನ ವೇಗ ಹರ್ಟ್ಜ್ ಮೇಲೆ ನಿಂತಿರುತ್ತೆ, ಹಾಗಾಗಿ ವೋಲ್ಟೇಜ್ ಸರಿಮಾಡಿದರೂ ಕಲ್ಲು ಐದರಲ್ಲಿ ಒಂದು ಪಾಲು ಜೋರಾಗಿ ತಿರುಗುತ್ತೆ.

ಕರೆಂಟು ಎಲ್ಲ ಕಡೆ ಒಂದೇ ಅಲ್ಲ ಅನ್ನೋದು ನಮ್ಮ ಜಿಲ್ಲೆಗೇನೂ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಬಂದ ವಿದ್ಯುತ್ತು 25 ಹರ್ಟ್ಜ್‌ನದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ.

ನಾದಿನಿ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸದಲ್ಲಿದ್ದಾಳೆ. ಇದನ್ನೆಲ್ಲ ಕೇಳಿ ಅವಳೇ ತೀರ್ಮಾನ ಕೊಟ್ಟಳು: "ಹಂಗಾದ್ರೆ ಮೋಟಾರು ಅಲ್ಲೇ ತಗೊಳ್ಳಿ ಅತ್ತಿಗೆ, ಬಿಡಿಭಾಗ ಇಲ್ಲಿಂದ ತಗೊಂಡ್ಹೋಗಿ." ಅದು ಸರಿಯಾದ ಮಾತು. ನಮ್ಮ ದೇಶದ ಕಂಪನಿಗಳೇ ಅಮೆರಿಕಕ್ಕೆಂದು 110 ವೋಲ್ಟಿನ ಮಿಕ್ಸಿ ಮಾಡುತ್ತವೆ. ಕೊಳ್ಳುವಾಗ ಯುಎಲ್ ಅಥವಾ ಇಟಿಎಲ್ ಗುರುತು ಇದೆಯಾ ನೋಡಿ, ಅವು ವಿದ್ಯುತ್ ಸುರಕ್ಷತೆಯ ಪರೀಕ್ಷೆ ಆಗಿದೆ ಅನ್ನೋದಕ್ಕೆ. ಆದರೆ ಜಾರಿನ ಕಪ್ಲರ್ ಸವೆದರೆ, ಮುಚ್ಚಳದ ರಬ್ಬರ್ ಸಡಿಲವಾದರೆ ಇಲ್ಲಿ ರಿಪೇರಿ ಮಾಡೋರು ಸಿಗೋದು ಕಷ್ಟ. ಸಿಕ್ಕರೂ ಕೂಲಿ ಕೇಳಿದರೆ ಹೊಸ ಮಿಕ್ಸಿಯೇ ವಾಸಿ ಅನಿಸುತ್ತೆ. ಕುಕ್ಕರಿನ ಗ್ಯಾಸ್ಕೆಟ್, ವಿಷಲ್, ಸೇಫ್ಟಿ ವಾಲ್ವ್ ವಿಷಯವೂ ಹಾಗೇ. ಮಾಡೆಲ್ ನಂಬರ್ ಬರೆದುಕೊಂಡು, ಹಳೇ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಎರಡೆರಡು ಜೊತೆ ತಂದರೂ ಕಾಲು ಕೆಜಿ ತೂಗಲ್ಲ.

ಈಗ ಪಾತ್ರೆಯ ವಿಷಯ.

ಮಗಳ ನಾಮಕರಣಕ್ಕೆ ಅಮ್ಮ ಸಿಯಾಟಲ್‌ಗೆ ಬಂದಾಗ ಮುಳಬಾಗಿಲಿನಿಂದ ಒಂದು ಇಂಡಾಲಿಯಂ ಪಾತ್ರೆ ತಂದಿದ್ದಳು. ದಪ್ಪ ತಳ, ಅಗಲ ಬಾಯಿ. ಮುದ್ದೆ ತೊಳಸೋಕೆ, ಮಸ್ಸೊಪ್ಪು ಬೇಯಿಸೋಕೆ ಹೇಳಿ ಮಾಡಿಸಿದಂತಿತ್ತು. ಕಂಠದ ಸುತ್ತ ಮಗಳ ಹೆಸರು, ನಾಮಕರಣದ ತಾರೀಖು, "ಅಜ್ಜಿಯಿಂದ" ಅಂತ ಕೊರೆಸಿದ್ದಳು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದೆ ಕೊಡುವ ಪದ್ಧತಿಯೇ ಇಲ್ಲ ಅಲ್ಲವಾ? ಮನೆಯಲ್ಲಿ ದಿನಾ ಅದೇ ಪಾತ್ರೆ. ಮಗು ಊಟ ಶುರುಮಾಡಿದ ಮೇಲೆ ಅದರ ಅನ್ನ, ಬೇಳೆ, ಟೊಮೆಟೊ ಸಾರು ಎಲ್ಲ ಅದರಲ್ಲೇ.

ಮಗಳಿಗೆ ಒಂದು ವರ್ಷ ತುಂಬಿದಾಗ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೆ ಗಮನ ಕೊಡಬೇಕು ಅನ್ನೋದಕ್ಕೆ ಅಮೆರಿಕದ ಸಿಡಿಸಿ ಸಂಸ್ಥೆ 2021ರಿಂದ ಇಟ್ಟಿರುವ ಅಂಕಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ನಮ್ಮ ಮಗಳದು 5.1 ಬಂತು.

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಏಟು ಕೊಡುತ್ತೆ, ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಪ್ರಮಾಣವೇ ಅದಕ್ಕಿಲ್ಲ. ಫೋನಿನಲ್ಲಿ ಅದನ್ನು ಓದುತ್ತಾ ಕೂತ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಮಾರನೇ ದಿನ ನರ್ಸ್ ಫೋನ್ ಮಾಡಿ ಒಂದೊಂದೇ ಕೇಳಿದರು. ಮನೆ ಎಷ್ಟು ಹಳೆಯದು, ಗೋಡೆಯ ಬಣ್ಣ ಉದುರುತ್ತಿದೆಯಾ? ಬಿಡಿ ಅರಿಶಿನ ಬಳಸ್ತೀರಾ? ಮಗುವಿಗೆ ಕಾಡಿಗೆ ಹಚ್ಚುತ್ತೀರಾ? ಕೊನೆಗೆ, ಬೇರೆ ದೇಶದಿಂದ ತಂದ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಪಾತ್ರೆ ಇದೆಯಾ?

ಆ ಪ್ರಶ್ನೆಯ ಹಿಂದೆ ಇದೇ ಊರಿನ ಕಥೆ ಇದೆ. ಅಫ್ಘಾನಿಸ್ತಾನದಿಂದ ಬಂದ ನಿರಾಶ್ರಿತರ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರೋದು ಕಂಡು, ಸಿಯಾಟಲ್ ಇರುವ ಕಿಂಗ್ ಕೌಂಟಿಯವರು ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸೇರಿ ಅವರ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ, ಕುಕ್ಕರುಗಳನ್ನು ಪರೀಕ್ಷೆ ಮಾಡಿದರು. 2022ರಲ್ಲಿ ಅದರ ವರದಿ ಬಂತು. ಹಲವು ಪಾತ್ರೆಗಳು ಅಡುಗೆಗೆ ಸೀಸ ಬಿಡುತ್ತಿದ್ದವು. ಸ್ಟೇನ್‌ಲೆಸ್ ಸ್ಟೀಲಿನಿಂದ ಬಂದದ್ದು ತೀರಾ ಕಡಿಮೆ. 2024ರಲ್ಲಿ ವಾಷಿಂಗ್ಟನ್ ರಾಜ್ಯ ಇದಕ್ಕೆಂದೇ ಕಾನೂನು ಮಾಡಿತು: 2026ರಿಂದ ಅಡುಗೆ ಪಾತ್ರೆಯ ಲೋಹದಲ್ಲಿ ಸೀಸ ಗೊತ್ತುಮಾಡಿದ ಮಿತಿಗಿಂತ ಹೆಚ್ಚಿರುವಂತಿಲ್ಲ. 2025ರಲ್ಲಿ ಅಮೆರಿಕದ ಎಫ್‌ಡಿಎ ಹೊರಡಿಸಿದ ಎಚ್ಚರಿಕೆಯಲ್ಲಂತೂ ನಮ್ಮ ಇಂಡಾಲಿಯಂ ಹೆಸರೇ ಇದೆ.

ಎಲ್ಲ ಇಂಡಾಲಿಯಂ ಪಾತ್ರೆಯಲ್ಲೂ ಸೀಸ ಇರುತ್ತೆ ಅಂತಲ್ಲ. ಗುಜರಿ ಲೋಹ ಕರಗಿಸಿ ಎರಕ ಹೊಯ್ದರೆ ಅದರ ಜೊತೆ ಏನೇನು ಸೇರಿಕೊಂಡಿದೆ ಅನ್ನೋದು ಕಣ್ಣಿಗೆ ಕಾಣಲ್ಲ, ಅಷ್ಟೇ. ಹುಳಿ ಹಾಕಿ ಕುದಿಸಿದಷ್ಟೂ ಲೋಹ ಸಾರಿಗೆ ಬಿಡುತ್ತೆ. ಟೊಮೆಟೊ, ಹುಣಸೆಹಣ್ಣು ಬಿಟ್ಟು ಕೋಲಾರದವರ ಅಡುಗೆ ಉಂಟೇ? ನಮ್ಮ ಪಾತ್ರೆಯನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ದಿನ ಕೊಟ್ಟರು ಎಲ್ಲ ಅದರ ಮೇಲೆ ಬರೆದಿತ್ತು. ಯಾರು ಮಾಡಿದರು, ಯಾವುದರಿಂದ ಮಾಡಿದರು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಅವತ್ತೇ ಅದನ್ನು ಒಲೆಯಿಂದ ಇಳಿಸಿದೆವು. ಬಿಡಿ ಅರಿಶಿನದ ಡಬ್ಬವೂ ಹೋಯಿತು. ಕ್ಯಾಲ್ಸಿಯಂ, ಕಬ್ಬಿಣದ ಅಂಶ ಇರುವ ಊಟ ಕೊಡಿ ಅಂದರು ಡಾಕ್ಟರು. ರಾಗಿ ಇದ್ದೇ ಇತ್ತು, ಮುದ್ದೆ ಸ್ಟೀಲ್ ಪಾತ್ರೆಗೆ ಬಂತು. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ 2.9. ಪಾತ್ರೆಯೊಂದೇ ಕಾರಣ ಅಂತ ಡಾಕ್ಟರು ಹೇಳಲಿಲ್ಲ, ನಾವೂ ಹೇಳಲ್ಲ. ಇಳಿಯಿತಲ್ಲ, ಸಾಕು.

"ಅಮ್ಮನಿಗೆ ಹೇಳೋದು ಬೇಡ, ಸುಮ್ಮನೆ ಕೊರಗ್ತಾರೆ" ಅಂದರು ನಮ್ಮವರು. ನನಗೂ ಅದೇ ಆಸೆ. ಆದರೆ ಮುಳಬಾಗಿಲಿನ ಮನೆಯಲ್ಲಿ ಅದೇ ಅಂಗಡಿಯಿಂದ ತಂದ ಅಂಥದೇ ಮೂರು ಪಾತ್ರೆ ದಿನಾ ಒಲೆ ಮೇಲಿರುತ್ತವೆ. ತಮ್ಮನ ಇಬ್ಬರು ಮಕ್ಕಳು ಆ ಮನೆಯಲ್ಲೇ ಉಣ್ಣುತ್ತವೆ, ಚಿಕ್ಕದಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ. ಅಮ್ಮನ ಮನಸ್ಸು ಉಳಿಸೋಕೆ ಹೋಗಿ ಆ ಮಕ್ಕಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರೋದು ಹೇಗೆ?

ಹೋದ ಸಲ ಊರಿಗೆ ಹೋದಾಗ ಅಡುಗೆಮನೆಯಲ್ಲೇ ಕೂತು ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಂತುಹೋಯಿತು.

"ಮಗೂಗೆ ಈಗ ಹೆಂಗೈತೆ?"

"ಚೆನ್ನಾಗಿದ್ದಾಳೆ ಅಮ್ಮ, ಇಳಿದಿದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಲೆ ಮೇಲಿದ್ದ ಪಾತ್ರೆ ನೋಡುತ್ತಾ ಅಂದಳು: "ನಮ್ಮತ್ತೆ ಕಾಲದಲ್ಲಿ ಎಲ್ಲಾ ಹಿತ್ತಾಳೆ. ಕಲಾಯಿ ಹೋದ ಪಾತ್ರೇಲಿ ಹುಳಿ ಕುದಿಸಿದ್ರೆ ಕೈಗೆ ಬರೆ ಬೀಳ್ತಿತ್ತು. ಕಲಾಯಿ ಹಾಕೋನು ಬರೋ ತನಕ ಆ ಪಾತ್ರೆ ಮುಟ್ಟೋ ಹಂಗಿರ್ಲಿಲ್ಲ. ಇದೂ ಹಂಗೇ ಅನ್ನು."

"ಹಂಗೇ ಅಮ್ಮ. ಇದಕ್ಕೆ ಕಲಾಯಿ ಹಾಕೋಕಾಗಲ್ಲ, ಅಷ್ಟೇ."

ನಾನು ಇಂಟರ್‌ನೆಟ್ಟಿನಲ್ಲಿ ತಿಂಗಳುಗಟ್ಟಲೆ ಓದಿದ್ದು ಅವಳಿಗೆ ಒಂದು ಮಾತಿಗೆ ಅರ್ಥವಾಯಿತು. ಸ್ಟೀಲು, ಇಂಡಾಲಿಯಂ ಬಂದ ಮೇಲೆ ಕಲಾಯಿಯವನು ಬೀದಿಗೆ ಬರೋದು ನಿಂತ. ಅವನ ಜೊತೆ "ಈ ಪಾತ್ರೆ ಹುಳಿಗೆ ಆಗುತ್ತಾ?" ಅನ್ನುವ ಪ್ರಶ್ನೆಯೂ ಹೋಯಿತು ಅನಿಸುತ್ತೆ.

ಆ ವಾರವೇ ಅಮ್ಮ, ನಾದಿನಿ, ನಾನು ಮೂವರೂ ಕೋಲಾರದ ಪೇಟೆಗೆ ಹೋದೆವು. ನಾದಿನಿಯ ಮಾವನವರದು ಇಟ್ಟಿಗೆ ಗೂಡು. ಮಾಲೂರಿನವರಿಗೆ ಇಟ್ಟಿಗೆ ನೋಡೋದು ಹುಟ್ಟಿನಿಂದ ಬಂದ ವಿದ್ಯೆ: ಎರಡನ್ನು ಒಂದಕ್ಕೊಂದು ತಟ್ಟಿದರೆ ಠಣ್ ಅನ್ನಬೇಕು, ಉಗುರಲ್ಲಿ ಗೀರಿದರೆ ಗೆರೆ ಬೀಳಬಾರದು. "ಪಾತ್ರೆ ಹಂಗಲ್ಲ ಅತ್ತಿಗೆ, ತಟ್ಟಿದ್ರೆ ಎಲ್ಲಾ ಠಣ್ ಅಂತವೆ" ಅಂದಳು ನಾದಿನಿ. ಅಯಸ್ಕಾಂತ ಹಿಡಿದು ನೋಡಿದರೂ ಅಷ್ಟೇ. ಒಳ್ಳೆಯ 304 ಸ್ಟೀಲಿಗೂ ಅಂಟಲ್ಲ, ಅಗ್ಗದ 202 ಸ್ಟೀಲಿಗೂ ಅಂಟಲ್ಲ. ಇಂಡಕ್ಷನ್ ಒಲೆಗೆ ತಳ ಆಗುತ್ತಾ ಅಂತ ನೋಡೋಕೆ ಮಾತ್ರ ಅಯಸ್ಕಾಂತ ಸರಿ.

ಹಾಗಾಗಿ ಓದಲೇಬೇಕು. ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ ಅನ್ನೋ ಆದೇಶ ಬಂದದ್ದು 2020ರಲ್ಲಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೂ ಅದನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿತು. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಮಾಡಿದವರು ಯಾರು, ಲೈಸೆನ್ಸ್ ಈಗಲೂ ಇದೆಯಾ ಅಂತ ಅಂಗಡಿಯಲ್ಲಿ ನಿಂತೇ ನೋಡಬಹುದು.

ಅಮ್ಮ ಒಂದೊಂದೇ ಪಾತ್ರೆ ಎತ್ತಿ ತಳ ತಿರುಗಿಸಿ ನನ್ನ ಕಡೆ ಹಿಡಿದಳು. ನಾನು ನಂಬರ್ ಓದಿದೆ, ನಾದಿನಿ ಫೋನಿನಲ್ಲಿ ಒತ್ತಿದಳು. ಎರಡಕ್ಕೆ ನಂಬರೇ ಇರಲಿಲ್ಲ, ಪಕ್ಕಕ್ಕಿಟ್ಟೆವು. ಅಂಗಡಿಯವರಿಗೆ ಬೇಜಾರಾಯಿತು.

"ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ. ಇದುವರ್ಗೂ ಯಾರೂ ನಂಬರ್ ಕೇಳಿಲ್ಲ ಕಣಮ್ಮ."

"ಈಗ ನಾನು ಕೇಳ್ತಾ ಇದೀನಲ್ಲಪ್ಪ" ಅಂದಳು ಅಮ್ಮ.

ನೀವೂ ಸದ್ಯದಲ್ಲಿ ಹೊರಡೋರಿದ್ದರೆ ನನ್ನ ಲೆಕ್ಕ ಇಷ್ಟು. ಕರೆಂಟಿನಲ್ಲಿ ನಡೆಯೋದನ್ನೆಲ್ಲ ಹೋದ ದೇಶದಲ್ಲೇ ಕೊಳ್ಳಿ. ಗ್ಯಾಸ್ಕೆಟ್, ವಿಷಲ್, ಕಪ್ಲರ್, ಮುದ್ದೆ ಕೋಲು, ಒಗ್ಗರಣೆ ಸೌಟು ಇಲ್ಲಿಂದ ತಗೊಂಡು ಹೋಗಿ. ಪಾತ್ರೆ ತಗೊಂಡರೆ ಸ್ಟೇನ್‌ಲೆಸ್ ಸ್ಟೀಲಿನದು, ನಂಬರ್ ಇರೋದು, ತಳ ಚಪ್ಪಟೆಯಾಗಿರೋದು. ಅಲ್ಲಿಯ ಗಾಜಿನ ಒಲೆ ಮೇಲೆ ಗುಂಡು ತಳದ್ದು ನಿಲ್ಲಲ್ಲ. ಅಲ್ಲಿ ಕೊಂಡದ್ದರ ಬಿಲ್ಲು ಎಸೀಬೇಡಿ, ಅಲ್ಲಿ ಪರಿಚಯದ ಅಂಗಡಿಯವರು ಅಂತ ಯಾರೂ ಇರಲ್ಲ, ಬಿಲ್ಲೇ ನಿಮ್ಮ ಪರಿಚಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಯಾವುದೋ ಪಾತ್ರೆ ಮೇಲೆ ಅನುಮಾನ ಬಂದರೆ ಡಾಕ್ಟರ ಹತ್ತಿರ ರಕ್ತಪರೀಕ್ಷೆ ಕೇಳಿ. ಅನುಮಾನದ ಪಾತ್ರೆಯನ್ನು ಇನ್ನೊಬ್ಬರಿಗೆ ದಾನ ಮಾಡಬೇಡಿ, ಎಫ್‌ಡಿಎ ಕೂಡ ಅದನ್ನೇ ಹೇಳುತ್ತೆ. ನಮ್ಮ ಮಗಳ ಹೆಸರಿನ ಪಾತ್ರೆ ಎಸೆಯೋಕೆ ಮನಸ್ಸು ಬರದೆ ಗ್ಯಾರೇಜಿನ ಮೇಲಿನ ಶೆಲ್ಫಿನಲ್ಲಿಟ್ಟು ಬಟ್ಟೆ ಕ್ಲಿಪ್ಪು ಹಾಕಿದ್ದೀನಿ.

ತಮ್ಮನ ಮಕ್ಕಳಿಬ್ಬರಿಗೂ ಪರೀಕ್ಷೆ ಮಾಡಿಸಿದ್ದಾಯಿತು, ದೇವರ ದಯೆ, ಇಬ್ಬರದೂ ಕಡಿಮೆ ಇದೆ. ಅಮ್ಮನ ಒಲೆ ಮೇಲೆ ಈಗ ಸ್ಟೀಲು. ನೆಂಟರಲ್ಲಿ ಯಾರ ಮಗುವಿನ ನಾಮಕರಣವಾದರೂ ಅವಳು ಪಾತ್ರೆ ಕೊಡೋದು ಬಿಟ್ಟಿಲ್ಲ, ಹೆಸರು ಕೊರೆಸೋದೂ ಬಿಟ್ಟಿಲ್ಲ. ಕೊರೆಯುವ ಹುಡುಗನಿಗೆ ಮಾತ್ರ ಪ್ರತಿ ಸಲ ಹೇಳ್ತಾಳಂತೆ: "ಐಎಸ್‌ಐ ಗುರುತಿನ ಮೇಲೆ ಕೊರೀಬೇಡಪ್ಪ, ಅದು ಕಾಣ್ಬೇಕು."