ಕೋಳಿ ಕೂಗುವ ಮುನ್ನ

ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು 40 ದಿನಗಳ ಲೆಂಟ್ ಕಾಲವನ್ನು ನಾವು ಕ್ರೈಸ್ತರು ಉಪವಾಸ, ಪ್ರಾರ್ಥನೆ, ಆತ್ಮಪರೀಕ್ಷೆಗಳಲ್ಲಿ ಕಳೆಯುತ್ತೇವೆ. ಈ ದಿನಗಳಲ್ಲಿ ದ್ರೋಹವೆಂದೊಡನೆ ಎಲ್ಲರ ಬೆರಳೂ 30 ಬೆಳ್ಳಿ ನಾಣ್ಯಗಳಿಗೆ ಗುರುವನ್ನು ಒಪ್ಪಿಸಿದ ಯೂದನ ಕಡೆ ತಿರುಗುತ್ತದೆ. ಆದರೆ ಎಪ್ಪತ್ತು ದಾಟಿದ ನನ್ನನ್ನು ಕಾಡುವವನು ಪೇತ್ರ. ಅವನು ಯಾರನ್ನೂ ಮಾರಲಿಲ್ಲ. ಗುರುವಿನ ಪರಿಚಯವೇ ತನಗಿಲ್ಲವೆಂದು ಮೂರು ಸಲ ಹೇಳಿದ, ಅಷ್ಟೆ. ಮತ್ತಾಯನ ಸುವಾರ್ತೆಯಲ್ಲಿ ಒಂದು ಸಣ್ಣ ವಿವರವಿದೆ: ಅಂಗಳದಲ್ಲಿ ನಿಂತವರಿಗೆ ಅವನ ಗುರುತು ಸಿಕ್ಕಿದ್ದು ಅವನ ಗಲಿಲಾಯದ ಮಾತಿನ ಧಾಟಿಯಿಂದ. ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹುಟ್ಟಿದಾಗ ನಿಲಂಗಾ ಬೀದರ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ನಾನು ಓದಿದ್ದು, ಕಲಿಸಿದ್ದು ಮರಾಠಿಯಲ್ಲಿ. ಕನ್ನಡದ ಅಕ್ಷರ ಕಲಿತದ್ದು ತಾಯಿಯ ಬೈಬಲಿನಿಂದ. ಹೊಸದಾಗಿ ಶಿಕ್ಷಕನಾದಾಗ ಸಹೋದ್ಯೋಗಿಗಳು ಯಾವ ಊರೆಂದು ಕೇಳಿದರು. ಊರ ಹೆಸರು ಹೇಳಿದೆ; ಕೇರಿಯ ಹೆಸರು ಮುಚ್ಚಿಟ್ಟೆ. ಮನೆಮಾತು ಯಾವುದೆಂದರು. ಮರಾಠಿ ಎಂದೆ. ಹೀಗೆ ಎರಡು ಸಲವಾಯಿತು.

ಮೂರನೆಯದು 1973ರ ಬೇಸಗೆಯಲ್ಲಿ. ಭೀಕರ ಬರಗಾಲ, ಜನ ಸರಕಾರಿ ಕಾಮಗಾರಿಗಳಲ್ಲಿ ಕಲ್ಲು ಒಡೆದು ಬದುಕುತ್ತಿದ್ದರು. ನಮ್ಮ ಕೇರಿಯ ಒಬ್ಬ ತಾಯಿ ಮಗನ ವಿದ್ಯಾರ್ಥಿವೇತನ ಕೇಳಲು ಶಾಲೆಯ ಕಚೇರಿಗೆ ಬಂದಳು. ಭಾನುವಾರದ ಆರಾಧನೆಯಲ್ಲಿ ನನ್ನ ತಾಯಿಯ ಪಕ್ಕದಲ್ಲಿ ಕೂರುತ್ತಿದ್ದವಳು ಆಕೆ. ಅರ್ಜಿಯಲ್ಲಿ ಧರ್ಮ ಕ್ರೈಸ್ತ ಎಂದಿದ್ದುದರಿಂದ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲವೆಂದು ಗುಮಾಸ್ತರು ಹೇಳಿದರು. ನಿಯಮ ಹಾಗೆಯೇ ಇತ್ತು. 1950ರ ಆದೇಶದ ವ್ಯಾಪ್ತಿಗೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ ದಲಿತರು ಇನ್ನೂ ಹೊರಗಿದ್ದಾರೆ.

ಆಕೆ ಕನ್ನಡದಲ್ಲಿ ಹೇಳಿದಳು: "ದೇವ್ರ ಹೆಸರು ಬದಲಾಗ್ಯಾದರಿ. ಕೇರಿ ಅದೇ ಅದ. ನೀರು ಇನ್ನಾ ಮ್ಯಾಲಿಂದೇ ಹಾಕ್ತಾರ."

ಗುಮಾಸ್ತರಿಗೆ ಅರ್ಥವಾಗಲಿಲ್ಲ. "ಮಾಸ್ತರರೇ, ಈ ಭಾಷೆ ನಿಮಗೆ ಬರುತ್ತದೆಯೇ?" ಎಂದು ನನ್ನ ಕಡೆ ತಿರುಗಿದರು.

ಬರುವುದಿಲ್ಲ ಎಂದೆ.

ಆಕೆ ನನ್ನನ್ನೊಮ್ಮೆ ನೋಡಿದಳು. ಹೆಸರು ಹಿಡಿದು ಕರೆಯಬಹುದಿತ್ತು, ಕರೆಯಲಿಲ್ಲ. ಸೆರಗು ಸರಿಪಡಿಸಿಕೊಂಡು ಹೊರಟುಹೋದಳು. ನಾನು ಆಕೆಯನ್ನು ಕೈಬಿಟ್ಟೆ. ಆಕೆ ನನ್ನ ಗುಟ್ಟನ್ನು ಕಾಪಾಡಿದಳು. ಕಡಿಮೆ ಆದಾಯದವರಿಗೆ ಶುಲ್ಕ ರಿಯಾಯಿತಿಯ ಬೇರೊಂದು ದಾರಿಯಿತ್ತು. ಅದನ್ನು ತಿಳಿಸಲು ಕನ್ನಡದ ಒಂದು ವಾಕ್ಯ ಸಾಕಾಗಿತ್ತು. ಮುಂದಿನ ವಾರ ಆ ಹುಡುಗ ಶಾಲೆಗೆ ಬರಲಿಲ್ಲ. ರಸ್ತೆ ಕಾಮಗಾರಿಯಲ್ಲಿ ತಾಯಿಯ ಜೊತೆ ಜಲ್ಲಿ ತುಂಬುತ್ತಿದ್ದುದನ್ನು ಕಂಡೆ.

ನ್ಯಾಯವೆಂದರೆ ಕಾನೂನನ್ನು ಬದಲಿಸುವ ದೊಡ್ಡ ಮಾತೆಂದು ನಾವು ತಿಳಿಯುತ್ತೇವೆ. ಅದೂ ಆಗಬೇಕು. ಆದರೆ ಅಂದು ನನ್ನ ಕೈಯಲ್ಲಿದ್ದ ನ್ಯಾಯ, ಈಕೆ ನಮ್ಮವಳು ಎಂಬ ಒಂದು ಮಾತಿನಷ್ಟು ಚಿಕ್ಕದಾಗಿತ್ತು. ಪಕ್ಕದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಕೂಡಿಸಿದ ಸಂಬಂಧಕ್ಕಾಗಿ ಪ್ರಾಣವನ್ನೇ ತೆತ್ತರು. ನಾನು ಕಳೆದುಕೊಳ್ಳಬೇಕಾಗಿದ್ದುದು ಕೊಠಡಿಯಲ್ಲಿನ ನಾಲ್ಕು ಜನರ ಮರ್ಯಾದೆಯನ್ನು ಮಾತ್ರ.

ಯೂದನೂ ಪಶ್ಚಾತ್ತಾಪಪಟ್ಟು ನಾಣ್ಯಗಳನ್ನು ಎಸೆದ. ಆದರೆ ಒಂಟಿಯಾಗಿ ಹೋಗಿ ಸತ್ತ. ಪೇತ್ರ ಅತ್ತು, ತನ್ನವರ ಬಳಿಗೆ ಹಿಂತಿರುಗಿದ. ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ ಯೇಸು ಅವನನ್ನು ಬೈಯಲಿಲ್ಲ. ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಕುರಿಗಳನ್ನು ಕಾಯುವ ಕೆಲಸ ಕೊಟ್ಟ. ನಿಷ್ಠೆಯೆಂಬುದು ಹೀಗೆ ಕೆಲಸವಾಗಿ ಮರಳಿ ಸಿಗುತ್ತದೆಂದು ನನ್ನ ನಂಬಿಕೆ.

ಮುಖ್ಯೋಪಾಧ್ಯಾಯನಾದ ಮೇಲೆ ಪ್ರತಿ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. "ಏನವ್ವಾ, ಏನು ಬೇಕಾಗಿತ್ತು?" ಎಂದು ಕನ್ನಡದಲ್ಲಿ ಕೇಳಿದೆ. ನಿವೃತ್ತನಾದ ಮೇಲೆ ಲೆಂಟ್ ಕಾಲದಲ್ಲಿ ಮಾಂಸ ಬಿಡುವುದರ ಜೊತೆಗೆ ತಹಸೀಲ ಕಚೇರಿಯ ಕಟ್ಟೆಯ ಮೇಲೆ ಕುಳಿತು, ಮರಾಠಿ ಬಾರದವರ ಅರ್ಜಿಗಳನ್ನು ತುಂಬುತ್ತೇನೆ. ಇದರಿಂದ ಆ ಹುಡುಗನ ವರ್ಷಗಳು ಮರಳುವುದಿಲ್ಲ.

ಸಮ್ಮೇಳನದ ವೇದಿಕೆಯಲ್ಲಿ ಕನ್ನಡ ನನ್ನ ತಾಯಿ ಎನ್ನುವುದು ಸುಲಭ, ಬಂಧುಗಳೇ. ನಾಳೆ ಯಾವುದೋ ಕಚೇರಿಯಲ್ಲಿ, ಹರಿದ ಸೀರೆಯುಟ್ಟು ಆ ತಾಯಿ ಕನ್ನಡದಲ್ಲಿ ಮಾತನಾಡಿದಾಗ, ದಯವಿಟ್ಟು ಎದ್ದು ನಿಂತು ಉತ್ತರಿಸಿ.